ಸ್ಪಾಕ್ ಕಿವಿಯ ಅಂಚು

ಬೆಂಗಳೂರಿನಲ್ಲಿ ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕಿ ಜನ ಸೇರುವ ಕಾಮಿಕ್ ಕಾನ್ ಮೇಳ ಹತ್ತಿರ ಬಂತೆಂದರೆ ಮೇಕಪ್‌ನವರ ಬಳಿ ಚೂಪು ಕಿವಿ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯಲ್ಲಿ ಬರುವ ಅನ್ಯಗ್ರಹದ ಸ್ಪಾಕ್ ಕಿವಿ ನೋಡಲು ಬಲು ಸುಲಭ; ತುದಿ ಅಂಟಿಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ಪಾತ್ರ ಮಾಡಿದ ಲಿಯೊನಾರ್ಡ್ ನಿಮೊಯ್ ಅವರಿಗೇ ಮೊದಲ ಕಿವಿಗಳು ಹೊಂದಲಿಲ್ಲ. ಅವು ತೀರಾ ಒರಟಾಗಿದ್ದವು. ಮೇಕಪ್ ಹೊಣೆ ಹೊತ್ತಿದ್ದ ಫ್ರೆಡ್ ಫಿಲಿಪ್ಸ್ ಕೊನೆಗೆ ಎಂಜಿಎಂ ಸ್ಟುಡಿಯೊದ ಚಾರ್ಲಿ ಶ್ರಾಮ್ ಕೈಯಲ್ಲಿ ಹೊಸದಾಗಿ ಮಾಡಿಸಿದರು.

ಜನ ನಗುತ್ತಾರೇನೋ ಎಂಬ ಅಳುಕು ನಿಮೊಯ್‌ಗೆ ಇದ್ದೇ ಇತ್ತು. 13 ಕಂತು ಆದಮೇಲೂ ಇಷ್ಟವಾಗದಿದ್ದರೆ ಸ್ಪಾಕ್‌ಗೆ ಕಿವಿ ಆಪರೇಷನ್ ಆಗುವ ಕಥೆ ಬರೆಯುತ್ತೇನೆ ಎಂದು ನಿರ್ಮಾಪಕ ಜೀನ್ ರಾಡನ್‌ಬೆರಿ ಮಾತು ಕೊಟ್ಟಿದ್ದರು. ಧಾರಾವಾಹಿ ಪ್ರಸಾರ ಮಾಡಿದ ಟಿವಿ ಜಾಲ ಎನ್‌ಬಿಸಿಯವರಂತೂ ಪ್ರಚಾರದ ಪುಸ್ತಿಕೆಯಲ್ಲಿ ಕಿವಿ, ಹುಬ್ಬು ಎರಡರ ಚೂಪನ್ನೂ ತಿದ್ದಿ ಅಳಿಸಿದ್ದರು: ಸೈತಾನನ ಹಾಗೆ ಕಾಣುತ್ತಾನೆಂಬ ಭಯ. 1966ರ ಸೆಪ್ಟೆಂಬರ್‌ನಲ್ಲಿ ಪ್ರಸಾರ ಶುರುವಾದ ಮೇಲೆ ಆ ಭಯ ತಾನಾಗಿ ಹೋಯಿತು.

ಕಿವಿ ನಿಜವಾಗಿ ಕಾಣುವುದು ಅಂಚಿನಿಂದ. ತುದಿ ಎಷ್ಟೇ ಚೆಂದವಿರಲಿ, ರಬ್ಬರ್ ಮುಗಿದು ಚರ್ಮ ಶುರುವಾಗುವ ಗೆರೆ ಕಂಡರೆ ಆಟ ಕೆಟ್ಟಿತು. ನಿಮೊಯ್ ಧರಿಸುತ್ತಿದ್ದುದು ಫೋಮ್ ಲೇಟೆಕ್ಸ್, ಅಂದರೆ ನೊರೆ ಬರಿಸಿದ ರಬ್ಬರಿನ ಕಿವಿ. ಅದಕ್ಕೆ ಒಲೆಯಲ್ಲಿ ಬೇಯಿಸುವ ಕೆಲಸವಿದೆ, ಗಂಧಕದ ಹೊಗೆ ಬರುತ್ತದೆ. ಅಡುಗೆಯ ಓವನ್ನಿನಲ್ಲಿ ಖಂಡಿತ ಮಾಡಬಾರದು. ಕಾಲೇಜು ನಾಟಕಕ್ಕೋ ವೇಷಕ್ಕೋ ಆದರೆ ದ್ರವ ಲೇಟೆಕ್ಸ್ (ರಬ್ಬರ್ ಹಾಲು) ಸಾಕು.

ಮೊದಲು ಕಿವಿಯ ಅಚ್ಚು. ಹಲ್ಲಿನ ಡಾಕ್ಟರರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ ಸಿಗುತ್ತದೆ. ಮಗ್ಗುಲಾಗಿ ಮಲಗಿಸಿ, ಕಿವಿಯ ತೂತಿಗೆ ಹತ್ತಿ ಇಟ್ಟು, ಅಕ್ಕಪಕ್ಕದ ಕೂದಲಿಗೆ ವ್ಯಾಸಲಿನ್ ಸವರಿ, ತಳ ಕತ್ತರಿಸಿದ ಕಾಗದದ ಲೋಟವನ್ನು ಕಿವಿಯ ಸುತ್ತ ಕೂರಿಸಿ, ನೀರಿನಲ್ಲಿ ಕಲಸಿದ ಆಲ್ಜಿನೇಟ್ ಸುರಿಯಬೇಕು. ಏಪ್ರಿಲ್ ಸೆಕೆಯಲ್ಲಿ ತಣ್ಣೀರಿನಲ್ಲೇ ಕಲಸಿ, ಇಲ್ಲದಿದ್ದರೆ ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ಆಲ್ಜಿನೇಟ್ ಒಣಗಿದಂತೆ ಕುಗ್ಗುವುದರಿಂದ ತೆಗೆದ ಕೂಡಲೇ ಅದಕ್ಕೆ ಪ್ಲಾಸ್ಟರ್ ತುಂಬಿ.

ಸಿಕ್ಕ ಪ್ಲಾಸ್ಟರ್ ಕಿವಿಯ ಮೇಲೆ ಎಣ್ಣೆಜೇಡಿಯಲ್ಲಿ (ಎಣ್ಣೆ ಕಲಸಿದ, ಒಣಗದ ಮಣ್ಣು) ತುದಿ ತಿದ್ದಿ. ಸ್ಪಾಕ್ ತುದಿ ಮೇಲಕ್ಕೆ ಹೋಗಿ ತುಸುವೇ ಹಿಂದಕ್ಕೆ ವಾಲುತ್ತದೆ. ಹೊರಕ್ಕೆ ಚಾಚಿದರೆ ಅದು ಅಜ್ಜಿಕಥೆಯ ಕಿನ್ನರನ ಕಿವಿ. ಇದಕ್ಕೆ ಹಿಂದೆ ಮುಂದೆ ಎರಡು ಹೋಳಿನ ಪ್ಲಾಸ್ಟರ್ ಅಚ್ಚು ತೆಗೆಯಬೇಕು. ಹೋಳುಗಳು ಸೇರುವ ಜಾಗಕ್ಕೆ ಸೋಪು ಸವರದಿದ್ದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಅಚ್ಚಿನೊಳಗೆ ಲೇಟೆಕ್ಸ್ ಐದಾರು ಪದರ ಬೇಕು. ಹಾಲುಬಣ್ಣ ಹೋಗಿ ಜೇನುಬಣ್ಣ ಬಂದರೆ ಪದರ ಒಣಗಿತೆಂದು ಲೆಕ್ಕ. ಮೊದಲ ಪದರ ಮಾತ್ರ ಅಂಚಿನವರೆಗೆ ಹೋಗಲಿ. ಮುಂದಿನ ಪ್ರತಿ ಪದರವೂ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಒಳಗೇ ನಿಲ್ಲಲಿ. ಹೀಗೆ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ. ಬಿಡಿಸುವ ಮುಂಚೆ ಟಾಲ್ಕಂ ಪೌಡರ್ ಹಾಕಲೇಬೇಕು. ಮರೆತರೆ ಆ ತೆಳು ಅಂಚು ತನಗೆ ತಾನೇ ಅಂಟಿಕೊಂಡು ಸುರುಳಿಯಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಟೊಳ್ಳು ತುದಿ ಜೋಲದಂತೆ ಒಳಗೆ ಚೂರು ಹತ್ತಿ ತುರುಕಿ.

ಲೇಟೆಕ್ಸ್ ಅನ್ನು ತಾಮ್ರ, ಹಿತ್ತಾಳೆ ಪಾತ್ರೆಗೆ ಹಾಕಬೇಡಿ. ಬಣ್ಣಗೆಟ್ಟು ರಬ್ಬರೇ ಹಾಳಾಗುತ್ತದೆ. ಕಥೆಯಲ್ಲಿ ಸ್ಪಾಕ್ ರಕ್ತ ಹಸಿರಾಗಿರುವುದು ಅದರಲ್ಲಿ ತಾಮ್ರವಿರುವುದರಿಂದಲೇ, ಅದೊಂದು ತಮಾಷೆ. ಮೊದಲು ಅವನ ಚರ್ಮ ಕೆಂಪಗಿರಲೆಂಬ ಯೋಚನೆ ಇತ್ತು. ಆಗಿನ ಕಪ್ಪುಬಿಳುಪು ಟಿವಿಯಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆಂದು ಹಳದಿ ಮಿಶ್ರಿತ ಹಸಿರು ಛಾಯೆಗೆ ಬಂದರು. ಇಲ್ಲಿ ಬಣ್ಣ ಹಚ್ಚುವವರು ಎಡವುವುದೂ ಈ ಹಂತದಲ್ಲೇ. ಮುಖಕ್ಕೆ ಹಚ್ಚುವ ಮಾಮೂಲಿ ಎಣ್ಣೆಬಣ್ಣವನ್ನು ರಬ್ಬರ್ ಹೀರಿಕೊಂಡು ಅರ್ಧ ಗಂಟೆಯಲ್ಲಿ ಕಿವಿ ಒಂದು ಬಣ್ಣ, ಕೆನ್ನೆ ಒಂದು ಬಣ್ಣ ಆಗುತ್ತದೆ. ಹರಳೆಣ್ಣೆ ಆಧಾರದ ರಬ್ಬರ್ ಬಣ್ಣವೇ ಆಗಬೇಕು.

ಅಂಟಿಸಲು ಸ್ಪಿರಿಟ್ ಗಮ್ ಎಂಬ ಮೇಕಪ್ ಅಂಟು. ತೆಳುವಾಗಿ ಸವರಿ, ನೂಲು ಏಳುವ ತನಕ ಬೆರಳಲ್ಲಿ ತಟ್ಟಿ, ಆಮೇಲೆ ಒತ್ತಿ. ಹಸಿಯಾಗಿ ಹಚ್ಚಿದರೆ ಜಾರುತ್ತದೆ. ಹಿಂದಿನ ದಿನವೇ ಮೊಣಕೈ ಒಳಭಾಗದಲ್ಲಿ ಲೇಟೆಕ್ಸ್, ಗಮ್ ಎರಡನ್ನೂ ಹಚ್ಚಿ ಅಲರ್ಜಿ ಇದೆಯೇ ನೋಡಿಕೊಳ್ಳಿ. ಯಾರ ಎರಡು ಕಿವಿಯೂ ಸಮ ಇರುವುದಿಲ್ಲವಾದ್ದರಿಂದ ತುದಿಗಳನ್ನು ಹುಬ್ಬಿನ ಗೆರೆಯಿಂದ ಅಳೆಯಿರಿ. ನಟರಿಗೆ ಕಿವಿಗೆ ಸಿಕ್ಕಿಸುವ ಮೈಕ್ ಇದ್ದರೆ ಅದನ್ನು ಮೊದಲೇ ಹಾಕಿ. ಆಮೇಲೆ ಸಿಕ್ಕಿಸಿದ ತಂತಿ ಅಂಚನ್ನು ಎಬ್ಬಿಸುತ್ತದೆ.

ನಿಮೊಯ್ ಕ್ಷೌರಿಕರ ಮಗ. ಸ್ಪಾಕ್ ಆದಮೇಲೆ 1969ರಿಂದ 1971ರವರೆಗೆ ‘ಮಿಷನ್ ಇಂಪಾಸಿಬಲ್’ನಲ್ಲಿ ವೇಷ ಬದಲಿಸುವುದರಲ್ಲಿ ಪಳಗಿದ ಪ್ಯಾರಿಸ್ ಎಂಬ ಜಾದೂಗಾರನಾದರು. ಸ್ಪಾಕ್‌ನ ಬೆರಳು ಬಿಡಿಸುವ ನಮಸ್ಕಾರಕ್ಕೆ ಮಾತ್ರ ಯಾವ ಮೇಕಪ್ಪೂ ಬೇಡ: ಬಾಲ್ಯದಲ್ಲಿ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವದಿಸುವಾಗ ಕಂಡ ಕೈಮುದ್ರೆಯನ್ನೇ ತಂದರು.

ತೆಗೆಯುವಾಗ ಎಳೆಯಬೇಡಿ. ಗಮ್ ರಿಮೂವರ್‌ನಲ್ಲಿ ಅದ್ದಿದ ಬ್ರಷ್ ಅನ್ನು ಅಂಚಿನ ಕೆಳಗೆ ತೂರಿಸುತ್ತಾ ಹೋಗಿ. ನಮ್ಮ ಗ್ರೀನ್‌ರೂಮುಗಳ ಕೊಬ್ಬರಿ ಎಣ್ಣೆ ಮುಖದ ಬಣ್ಣಕ್ಕೆ ಸರಿ, ಇನ್ನೊಮ್ಮೆ ಬಳಸಬೇಕಾದ ಕಿವಿಗೆ ಬೇಡ. ಆ ಎಣ್ಣೆ ತಾಗಿದ ಲೇಟೆಕ್ಸ್ ಉಬ್ಬಿ ಮೆತ್ತಗಾಗುತ್ತದೆ. ಎಷ್ಟು ಜತನ ಮಾಡಿದರೂ ಎರಡು ಮೂರು ಸಲಕ್ಕೆ ಅಂಚು ಹರಿಯುತ್ತದೆ. ನಾಲ್ಕು ಪ್ರದರ್ಶನವಿದ್ದರೆ ಎರಡು ಜೊತೆಯಾದರೂ ಮಾಡಿಟ್ಟುಕೊಳ್ಳಿ.