ಅರ್ಧ ಗಂಟೆಯ ಲೆಕ್ಕ

ಪರಮಾಣು ವಿದಳನದ, ಅಂದರೆ ಪರಮಾಣುವಿನ ಬೀಜ ಒಡೆಯುವುದರ ಪಾಠ ಶುರುವಾದರೆ ಸಾಕು, ತರಗತಿಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಹಿರೋಷಿಮಾ ಬಾಂಬಿಗಿಂತ ಈಗಿನವು ಎಷ್ಟು ದೊಡ್ಡವು?"

1945ರ ಆಗಸ್ಟ್ 6ರಂದು ಬಿದ್ದ ಆ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ವಿದಳನವಾದದ್ದು ಒಂದು ಕಿಲೋಗೂ ಕಡಿಮೆ. ಅಷ್ಟಕ್ಕೇ 15 ಸಾವಿರ ಟನ್ ಟಿಎನ್‌ಟಿ ಸಿಡಿಮದ್ದು ಸಿಡಿದಂತಾಗಿ ಊರು ಸುಟ್ಟು ಬೂದಿಯಾಯಿತು. ಈಗಿನ ಸಿಡಿತಲೆಗಳಲ್ಲಿ, ಅಂದರೆ ಕ್ಷಿಪಣಿಯ ತುದಿಗೆ ಕೂರಿಸುವ ಬಾಂಬುಗಳಲ್ಲಿ, ಅದರ ಇಪ್ಪತ್ತು ಪಟ್ಟಿನವೂ ಇವೆ. ಹುಡುಗರು ಬಾಯಿ ಬಿಟ್ಟು ಕೇಳುತ್ತಾರೆ. ನನಗೆ ಮಾತ್ರ ಇದಕ್ಕಿಂತ ಜಾಸ್ತಿ ಭಯ ಗಡಿಯಾರದ್ದು.

ಅಣ್ವಸ್ತ್ರ ಇರುವುದು ಒಂಬತ್ತು ದೇಶಗಳ ಬಳಿ. ಯಾಕೆ ಬೇಕು ಎಂದರೆ, ಎದುರಾಳಿ ಕೈ ಎತ್ತದಂತೆ ಹೆದರಿಸಿಡಲಿಕ್ಕೆ ಎನ್ನುತ್ತಾರೆ. ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನಾಗಸಾಕಿಯ ನಂತರ ಯಾವ ಯುದ್ಧದಲ್ಲೂ ಇದು ಸಿಡಿದಿಲ್ಲ, ಅಲ್ವಾ? ಆದರೆ ಹೆದರಿಕೆ ಉಳಿಯಬೇಕಾದರೆ ತಿರುಗೇಟು ಸದಾ ಸಿದ್ಧವಿರಬೇಕು. ರಷ್ಯಾದಿಂದ ಅಮೆರಿಕಕ್ಕೆ ಕ್ಷಿಪಣಿ ಹಾರಲು ಸುಮಾರು ಅರ್ಧ ಗಂಟೆ ಸಾಕು. ದಾಳಿ ನಿಜವೇ ಎಂದು ನೋಡುವುದು, ಅಧ್ಯಕ್ಷರನ್ನು ಎಬ್ಬಿಸುವುದು, ಅವರು ತೀರ್ಮಾನಿಸುವುದು ಎಲ್ಲ ಅಷ್ಟರೊಳಗೇ ಆಗಬೇಕು.

ಸುಳ್ಳು ಎಚ್ಚರಿಕೆಗಳೂ ಬಂದದ್ದುಂಟು. 1979ರಲ್ಲಿ ಅಭ್ಯಾಸಕ್ಕೆಂದು ಇಟ್ಟಿದ್ದ ದಾಳಿಯ ದತ್ತಾಂಶ ಅಮೆರಿಕದ ಅಸಲಿ ಪರದೆಗಳ ಮೇಲೆ ಮೂಡಿತ್ತು. ಮರುವರ್ಷ ಕೆಟ್ಟುಹೋದ ಕಂಪ್ಯೂಟರ್ ಚಿಪ್ ಒಂದು ಅದೇ ಆಟ ಆಡಿತು. 1983ರ ಸೆಪ್ಟೆಂಬರ್ 26ರ ಸರದಿ ಸೋವಿಯತ್ ಒಕ್ಕೂಟದ್ದು. ಐದು ಕ್ಷಿಪಣಿಗಳು ಹೊರಟಿವೆ ಎಂದಿತು ಉಪಗ್ರಹ ವ್ಯವಸ್ಥೆ. ಪಾಳಿಯಲ್ಲಿದ್ದವರು ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. ಗುಂಡಿ ಒತ್ತುವ ಅಧಿಕಾರ ಅವರಿಗಿರಲಿಲ್ಲ, ಮೇಲಿನವರಿಗೆ ವರದಿ ಕೊಡುವುದು ಅವರ ಕೆಲಸ. ಯುದ್ಧ ಹೂಡುವವರು ಬರೀ ಐದು ಬಿಡುತ್ತಾರೆಯೇ ಎಂದು ಅನುಮಾನ ಬಂತು. ನೆಲದ ರೇಡಾರ್‌ಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಯಂತ್ರದ ದೋಷ ಎಂದೇ ವರದಿ ಮಾಡಿದರು. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತೆಂದು ಆಮೇಲೆ ಗೊತ್ತಾಯಿತು.

ಜಗತ್ತಿನಲ್ಲಿ ಈಗ ಸುಮಾರು 12 ಸಾವಿರ ಸಿಡಿತಲೆಗಳಿವೆ. ಹತ್ತರಲ್ಲಿ ಸುಮಾರು ಒಂಬತ್ತು ಭಾಗ ಅಮೆರಿಕ, ರಷ್ಯಾದವೇ. ಇವರಿಬ್ಬರ 2010ರ ಒಪ್ಪಂದ ಸಿದ್ಧವಾಗಿ ನಿಲ್ಲಿಸಿದ ಸಿಡಿತಲೆಗಳಿಗೆ 1,550ರ ಮಿತಿ ಹಾಕಿತ್ತು. ತೀರ್ಮಾನಕ್ಕೆ ಸಿಗುವ ನಿಮಿಷಗಳ ಗೊಡವೆಗೆ ಅದು ಹೋಗಲಿಲ್ಲ. ಸಿಡಿತಲೆಗಳನ್ನು ಕ್ಷಿಪಣಿಗಳಿಂದ ಬಿಚ್ಚಿ ಬೇರೆ ಕಡೆ ಇಡಿ ಎಂಬ ಸಲಹೆ ಹಳೆಯದು. ಗಲಾಟೆ ಎದ್ದಾಗ ಮರುಜೋಡಣೆಗೆ ಇಬ್ಬರೂ ಓಡುತ್ತಾರೆ, ಅದು ಇನ್ನೂ ಅಪಾಯ ಎಂದು ಸೇನೆಯವರ ಆಕ್ಷೇಪ. ಅದರಲ್ಲಿ ಹುರುಳಿದೆ. ಆದರೂ ಆ ಓಟಕ್ಕೆ ಗಂಟೆಗಳೋ ದಿನಗಳೋ ಹಿಡಿಯುತ್ತವೆ. ಅಷ್ಟರಲ್ಲಿ ಯಾರಾದರೂ ಫೋನಾದರೂ ಮಾಡಬಹುದು.