ಹುಳು ತಿಂದ ಎಲೆಯಿಂದ ಒಂದು ಅಚ್ಚು

"ಡಿಸೈನ್ ಎಲ್ಲಿಂದ ತರೋದು?" ಬಟ್ಟೆಗೆ ಅಚ್ಚು ಹಾಕಲು ಕಲಿಯುವವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಬಣ್ಣದ ಮಾತೆಲ್ಲ ಆಮೇಲೆ. ಫೋನಿನಲ್ಲಿ ನೂರಾರು ಚಿತ್ರ ಕೂಡಿಟ್ಟುಕೊಂಡಿರುತ್ತಾರೆ, ಆದರೂ ಕೈ ಓಡುವುದಿಲ್ಲ. ಬೇರೆಯವರು ಮುಗಿಸಿಟ್ಟ ಕೆಲಸವನ್ನೇ ನೋಡುತ್ತಾ ಕೂತರೆ, ನಾವು ಮಾಡಲು ಏನು ಉಳಿದಿದೆ ಅನ್ನಿಸುವುದು ಸಹಜ ಅಲ್ವಾ?

ನಾನು ಫೋನ್ ಪಕ್ಕಕ್ಕಿಡಿಸಿ ಒಂದು ಎಲೆ ಕೊಡುತ್ತೇನೆ. ಹೋದ ಸಲ ಒಬ್ಬರ ಕೈಗೆ ಹುಳು ತಿಂದ ಎಲೆ ಬಂತು. ಬೇರೆ ಕೊಡಿ ಅಂದರು. ಇದನ್ನೇ ಹತ್ತು ಸಲ ಬರೆಯಿರಿ ಅಂದೆ. ಮೊದಲ ಮೂರು ಚಿತ್ರದಲ್ಲಿ ಎಲ್ಲರೂ ಬರೆಯುವ ಎಲೆಯೇ ಇತ್ತು: ಚೂಪು ತುದಿ, ನಡುವೆ ನರ. ಐದನೆಯದರ ಹೊತ್ತಿಗೆ ತೂತುಗಳು ಅವರ ಕಣ್ಣಿಗೆ ಬಿದ್ದವು. ಒಂದೂ ದುಂಡಗಿರಲಿಲ್ಲ. ದಪ್ಪ ನರ ಎದುರಾದಲ್ಲೆಲ್ಲ ಹುಳು ಪಕ್ಕಕ್ಕೆ ತಿರುಗಿತ್ತು. ಎಂಟನೆಯದರಲ್ಲಿ ಎಲೆ ಮಾಯವಾಗಿ ತೂತುಗಳಷ್ಟೇ ಉಳಿದವು. ಆ ಏಳು ತೂತುಗಳೇ ಅವರ ಅಚ್ಚಾದವು. ಅಂಥದ್ದನ್ನು ನಾನೂ ಎಲ್ಲೂ ನೋಡಿರಲಿಲ್ಲ.

ಇಂಗ್ಲೆಂಡಿನ ಡಿಸೈನರ್ ವಿಲಿಯಂ ಮಾರಿಸ್ 1883ರಲ್ಲಿ ಮಾಡಿದ 'ಸ್ಟ್ರಾಬೆರಿ ಥೀಫ್' (ಸ್ಟ್ರಾಬೆರಿ ಕಳ್ಳ) ಅನ್ನುವ ಬಟ್ಟೆ ಹುಟ್ಟಿದ್ದೂ ಹೀಗೇ. ಅವರ ತೋಟದ ಹಣ್ಣನ್ನು ಹಕ್ಕಿಗಳು ಕದ್ದು ತಿನ್ನುತ್ತಿದ್ದವು. ಅವರು ಆ ಹಕ್ಕಿಗಳನ್ನೇ ಬಟ್ಟೆಗೆ ತಂದರು.

ಇನ್ನು ಒಂದು ಚಿತ್ರ ಪೂರ್ತಿ ಬಟ್ಟೆಯಾಗುವ ಮಾತು. ಹೊಸಬರು ಹೂವೊಂದನ್ನು ಚೆನ್ನಾಗಿ ಕೆತ್ತಿ ಸಾಲಾಗಿ ಒತ್ತುತ್ತಾರೆ. ದೂರ ನಿಂತು ನೋಡಿದರೆ ಹೂವಿಗಿಂತ ಜಾಸ್ತಿ ಕಾಣುವುದು ಸಾಲುಗಳ ನಡುವಿನ ಬಿಳಿ ಪಟ್ಟೆ. ಆದ್ದರಿಂದ ಖಾಲಿ ಜಾಗವನ್ನೂ ಚಿತ್ರ ಅಂದುಕೊಂಡೇ ಬರೆಯಬೇಕು. ಅದಕ್ಕೆ ಒಂದು ಹಳೆಯ ಉಪಾಯವಿದೆ. ಚೌಕ ಕಾಗದದ ನಡುವೆ, ಅಂಚಿಗೆ ತಾಗದಂತೆ ಚಿತ್ರ ಬರೆಯಿರಿ. ಕಾಗದವನ್ನು ಉದ್ದಕ್ಕೆ ಎರಡು ಮಾಡಿ, ಎಡದ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹಿಂದಿನಿಂದ ಟೇಪ್ ಅಂಟಿಸಿ. ಆಮೇಲೆ ಅಡ್ಡಕ್ಕೆ ಕತ್ತರಿಸಿ, ಮೇಲಿನದನ್ನು ಕೆಳಗೆ ತಂದು ಜೋಡಿಸಿ. ಈಗ ನಿಮ್ಮ ಚಿತ್ರ ನಾಲ್ಕು ಮೂಲೆಗೆ ಹೋಗಿರುತ್ತದೆ, ನಡುವೆ ಖಾಲಿ ಜಾಗ ಬಾಯಿ ತೆರೆದಿರುತ್ತದೆ. ಅದನ್ನು ಅಂಚು ಮುಟ್ಟದೆ ತುಂಬಿ. ಹೀಗೆ ಮಾಡಿದ ಚೌಕವನ್ನು ಪಕ್ಕಪಕ್ಕ ಎಷ್ಟು ಒತ್ತಿದರೂ ಗೆರೆ ಕೂಡಿಕೊಳ್ಳುತ್ತದೆ. ಮೇಲಿಂದ ಕೆಳಗೆ ಹೋಗುವ ಪ್ರತಿ ಎರಡನೇ ಸಾಲನ್ನು ಅರ್ಧ ಅಚ್ಚಿನಷ್ಟು ಕೆಳಗಿಳಿಸಬೇಕೆಂದಿದ್ದರೆ ಮಾತ್ರ ಈ ಚೌಕ ಹೊಂದುವುದಿಲ್ಲ. ಬಿಡಿ ಹೂವಿನ ಅಚ್ಚಿಗೆ ಆ ಜೋಡಣೆ ತುಂಬಾ ಒಪ್ಪುತ್ತದೆ, ಪಟ್ಟೆಗಳೂ ಒಡೆಯುತ್ತವೆ.

ಕೆತ್ತನೆಗೆ ಶುರುವಿನಲ್ಲಿ ದೊಡ್ಡ ರಬ್ಬರ್ ಸಾಕು. ಲಿನೋಲಿಯಂ (ನೆಲಕ್ಕೆ ಹಾಸುವಂಥ ಗಟ್ಟಿ ಹಾಳೆ) ಆದರೆ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ, ಮೆತ್ತಗಾಗುತ್ತದೆ. ಉಳಿ ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು, ಇನ್ನೊಂದು ಕೈ ಅದರ ಹಿಂದಿರಬೇಕು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುತ್ತದೆ ಅನ್ನುವುದು ನೆನಪಿರಲಿ. ಅಕ್ಷರ ಕೆತ್ತುವವರು ಇಲ್ಲೇ ಎಡವುತ್ತಾರೆ.

ಹೊಸ ಬಟ್ಟೆಯನ್ನು ಒಗೆಯದೆ ಅಚ್ಚು ಹಾಕಬೇಡಿ. ನಾನು ಮೊದಲು ಮಾಡಿದ ದೊಡ್ಡ ಹೊದಿಕೆಗೆ ಎರಡು ದಿನ ಹಿಡಿದಿತ್ತು. ಒಂದೇ ಒಗೆತಕ್ಕೆ ಅರ್ಧ ಬಣ್ಣ ನೀರಿನಲ್ಲಿ ಹೋಯಿತು. ಬಣ್ಣ ಕೂತಿದ್ದು ನೂಲಿನ ಮೇಲಲ್ಲ, ಗಂಜಿಯ ಮೇಲೆ. ಬಿಸಿನೀರು, ಸೋಪು ಹಾಕಿ ಒಗೆದರೆ ಹತ್ತಿ ಬಟ್ಟೆಯ ಗಂಜಿ ಬಿಡುತ್ತದೆ, ಕುಗ್ಗುವಷ್ಟು ಮೊದಲೇ ಕುಗ್ಗುತ್ತದೆ. ಒಗೆದ ಮೇಲೆ ಸಾಫ್ಟನರ್ ಹಾಕಬೇಡಿ, ಅದೂ ಬಣ್ಣವನ್ನು ತಡೆಯುತ್ತದೆ.

ಮೇಜಿನ ಮೇಲೆ ಹಳೆಯ ಕಂಬಳಿ ಮಡಿಸಿ ಹಾಸಿ, ಮೇಲೊಂದು ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ. ಗಟ್ಟಿ ಮೇಜಿನ ಮೇಲೆ ಒತ್ತಿದರೆ ಅಚ್ಚಿನ ನಡುಭಾಗ ಮಂಕಾಗಿ ಬರುತ್ತದೆ. ಫ್ಯಾಬ್ರಿಕ್ ಪೇಂಟನ್ನೇ ಬಳಸಿ. ಬರೀ ಅಕ್ರಿಲಿಕ್ ಬಟ್ಟೆಯನ್ನು ಬಿರುಸು ಮಾಡುತ್ತದೆ. ಬಣ್ಣವನ್ನು ಗಾಜಿನ ಮೇಲೆ ರೋಲರಿನಿಂದ ತೆಳ್ಳಗೆ ಹರಡುವಾಗ ಕಿವಿಗೊಡಿ. ಜಾಸ್ತಿಯಾಗಿದ್ದರೆ ಪಚಪಚ ಅನ್ನುತ್ತದೆ. ಹದಕ್ಕೆ ಬಂದಾಗ ಸಣ್ಣಗೆ ಚರಚರ ಅನ್ನುತ್ತದೆ. ಆ ಸದ್ದು ಸಿಗುವ ತನಕ ಬಟ್ಟೆ ಮುಟ್ಟಬೇಡಿ. ಆಮೇಲೆ ಅದೇ ರೋಲರಿನಿಂದ ಅಚ್ಚಿಗೆ ಬಣ್ಣ ಹಚ್ಚಿ. ಅಚ್ಚನ್ನು ಬಟ್ಟೆಯ ಮೇಲೆ ಇಟ್ಟ ಮೇಲೆ ಅಲುಗಾಡಿಸದೆ ಅಂಗೈಯ ಬುಡದಿಂದ ಒತ್ತಿ, ನೇರ ಮೇಲಕ್ಕೆ ಎತ್ತಿ.

ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ತೆಳು ಬಟ್ಟೆ ಮುಚ್ಚಿ, ಹಬೆಯಿಲ್ಲದೆ ಇಸ್ತ್ರಿ ಹಾಕಿ. ಎಷ್ಟು ಬಿಸಿ, ಎಷ್ಟು ನಿಮಿಷ ಅನ್ನುವುದು ಬಣ್ಣದ ಡಬ್ಬಿಯ ಮೇಲಿರುತ್ತದೆ. ಅದನ್ನು ಅಂದಾಜಿನ ಮೇಲೆ ಬಿಡಬೇಡಿ.

ತೂತಿನ ಅಚ್ಚು ಮಾಡಿದವರು ಈಗ ಮೂರನೇ ಬಟ್ಟೆಯಲ್ಲಿದ್ದಾರೆ. ಅಚ್ಚು ಅದೇ. ಮೊದಲನೆಯದರಲ್ಲಿ ನೆಟ್ಟಗೆ ಒತ್ತಿದ್ದರು, ಎರಡನೆಯದರಲ್ಲಿ ಪ್ರತಿ ಸಲವೂ ಕಾಲು ಸುತ್ತು ತಿರುಗಿಸಿದರು. ಈಗ ಮೊದಲ ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ, ಚೂರು ಸರಿಸಿ, ತೆಳು ಬಣ್ಣದಲ್ಲಿ ಇನ್ನೊಮ್ಮೆ ಒತ್ತುತ್ತಿದ್ದಾರೆ.