ಹಲ್ಲು ಸಿಕ್ಕರೆ ಮೊದಲು ಬುಡ ನೋಡಿ

ಫ್ಲಾರಿಡಾದ ಪೀಸ್ ನದಿಯಲ್ಲಿ ನೀರು ತಗ್ಗಿದಾಗ ಜನ ಪಳೆಯುಳಿಕೆ ಹುಡುಕಲು ಜರಡಿ ಹಿಡಿದು ಮೊಣಕಾಲುದ್ದ ನೀರಿಗಿಳಿಯುತ್ತಾರೆ. ಶಾರ್ಕ್ ಹಲ್ಲುಗಳ ನಡುವೆ ಒಮ್ಮೊಮ್ಮೆ ಕಪ್ಪಗೆ ಹೊಳೆಯುವ ಮೊನಚು ಹಲ್ಲೊಂದು ಸಿಗುತ್ತದೆ. ‘ಸರ್, ಇದು ತಿಮಿಂಗಿಲದ್ದಾ?’ ಎಂದು ಫೋಟೊ ಬರುತ್ತದೆ. ಅದರಲ್ಲಿ ಕಾಣುವುದು ಬರೀ ಮೊನೆ. ನಾನು ಕೇಳುವುದು ಒಂದೇ: ಬುಡ ತೋರಿಸಿ.

ಜಾರುವ ಮೀನನ್ನು ಕಚ್ಚಿ ಹಿಡಿಯುವ ಬಾಯಿ ಯಾರದಾದರೂ ಹಲ್ಲಿನ ಮೊನೆ ಒಂದೇ ಥರ. ಬುಡ ಹಾಗಲ್ಲ. ಮೊಸಳೆಯ ನೆಂಟ ಅಲಿಗೇಟರ್ ಬದುಕಿಡೀ ಹಲ್ಲು ಬದಲಿಸುತ್ತದೆ. ಹೊಸ ಹಲ್ಲು ಹಳೆಯದರ ಅಡಿಯಿಂದಲೇ ಮೇಲೆದ್ದು ಅದರ ಬೇರನ್ನು ಕರಗಿಸಿಬಿಡುವುದರಿಂದ, ಉದುರಿದ ಹಲ್ಲು ಐಸ್‌ಕ್ರೀಮ್ ಕೋನಿನಂತೆ ಟೊಳ್ಳು. ತಿಮಿಂಗಿಲದ ಬಳಗದ ಡಾಲ್ಫಿನ್ನಿಗೆ ಹಲ್ಲು ಬರುವುದು ಒಂದೇ ಸಲ. ಹೊಳೆಯುವ ಎನಾಮಲ್ ಮುಗಿಯುವಲ್ಲಿ ಗೆರೆ, ಅದರ ಕೆಳಗೆ ಮಂಕು ಬಣ್ಣದ ಉದ್ದ ಬೇರು. ಎಳೆಯ ಪ್ರಾಣಿಯಾದರೆ ಬೇರಿನ ತುದಿ ತೆರೆದಿರಬಹುದು, ಆದರೆ ಮುರಿಯದ ಹಲ್ಲಿಗೆ ಬೇರು ಇದ್ದೇ ಇರುತ್ತದೆ.

ಗುಂಡುಗುಂಡಾದ ಉಬ್ಬುಗಳ ದವಡೆಹಲ್ಲು ಸಿಕ್ಕರೆ ಕಡಲಹಸುವಿನದಿರಬಹುದು. ಹಂದಿಯ ದೂರದ ನೆಂಟ ಪೆಕ್ಕರಿಯ ಹಲ್ಲೂ ಹಾಗೇ ಕಾಣುವುದರಿಂದ ಅದನ್ನು ನಾನು ಕೈಯಲ್ಲಿ ಹಿಡಿಯದೆ ಹೇಳುವುದಿಲ್ಲ.

ಬೇರನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. ಲೂಸಿಯಾನಾದ ವಾಷಿಟಾ ನದಿ ದಡದಲ್ಲಿ ಸಿಕ್ಕ ದೈತ್ಯ ಬೆನ್ನೆಲುಬಿನ ಮಣಿ ಸರೀಸೃಪದ್ದೆಂದು ತಿಳಿದು ಅಮೆರಿಕದ ವಿಜ್ಞಾನಿ ರಿಚರ್ಡ್ ಹಾರ್ಲನ್ 1834ರಲ್ಲಿ ಬೆಸಿಲೊಸಾರಸ್, ಅಂದರೆ ‘ರಾಜಹಲ್ಲಿ’ ಎಂದು ಹೆಸರಿಟ್ಟರು. 1839ರಲ್ಲಿ ಅಲಬಾಮಾದಲ್ಲಿ ಸಿಕ್ಕ ಅದೇ ಪ್ರಾಣಿಯ ದವಡೆಯ ತುಂಡನ್ನು ಲಂಡನ್ನಿಗೆ ಒಯ್ದರು. ಅಲ್ಲಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ ನೋಡಿದ್ದು ದವಡೆಹಲ್ಲಿನ ಜೋಡಿ ಬೇರನ್ನು. ಸರೀಸೃಪಕ್ಕೆ ಅಂಥ ಹಲ್ಲೆಲ್ಲಿ? ಅದು ತಿಮಿಂಗಿಲ. ಮೊದಲಿಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದಾಗಿ ಆ ತಿಮಿಂಗಿಲ ಇಂದಿಗೂ ಹಲ್ಲಿಯ ಹೆಸರು ಹೊತ್ತಿದೆ.

ಪಕ್ಕದಲ್ಲಿ ಸಿಕ್ಕಿದ್ದನ್ನು ನೋಡಿ ಕಾಲ ಊಹಿಸಬೇಡಿ. ನದಿ ಬೇರೆಬೇರೆ ಕಾಲದ ಪದರಗಳನ್ನು ಕೊರೆದು ಒಂದೇ ಗುಂಡಿಗೆ ಸುರಿಯುತ್ತದೆ. ಪೀಸ್ ನದಿಯ ಒಂದೇ ಜರಡಿಯಲ್ಲಿ ಹಿಮಯುಗದ ಕುದುರೆಯ ಹಲ್ಲೂ, ಅದಕ್ಕಿಂತ ಲಕ್ಷಾಂತರ ವರ್ಷ ಹಳೆಯ, ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್‌ನ ಹಲ್ಲೂ ಬರುತ್ತವೆ. ಅಲ್ಲಿ ಶಾರ್ಕ್ ಹಲ್ಲಿಗೆ ಪರವಾನಗಿ ಬೇಡ, ಉಳಿದ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಗೆ ಬೇಕು. ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಹಲ್ಲಿನ ಪಕ್ಕ ಅಳತೆಪಟ್ಟಿ ಇಟ್ಟು ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಸಿಕ್ಕ ಜಾಗ ಬರೆದಿಡಿ. ವಾರ್ನಿಷ್ ಬಳಿಯಬೇಡಿ. ಮುರಿದಿದ್ದರೆ ಅಂಟಿಸಲೂಬೇಡಿ: ಸ್ಪರ್ಮ್ ತಿಮಿಂಗಿಲದ ಹಲ್ಲಿನೊಳಗೆ ಮರದ ಕಾಂಡದಲ್ಲಿರುವಂಥ ಬಳೆಗಳಿರುತ್ತವೆ, ಅವು ಕಾಣುವುದು ಮುರಿದ ಬದಿಯಲ್ಲೇ.